ಹಳದಿ ಅಂಗಿಯ ಹುಡುಗಿಯನ್ನು ಆ ಮೈದಾನಕ್ಕೆ ಕಳಿಸಿದ್ದು ಯಾರು?

ಅಕ್ಟೋಬರ್‌ನ ಒಂದು ಶನಿವಾರ, ಬೆಳಗ್ಗೆ 8:30. ನ್ಯೂಜೆರ್ಸಿಯ ನಡುಭಾಗದ ಒಂದು ಊರಿನ ಪಾರ್ಕು. ಹುಲ್ಲಿನ ಮೇಲಿನ ಇಬ್ಬನಿ ಇನ್ನೂ ಆರಿರಲಿಲ್ಲ. ಅಂಡರ್-10 ಹುಡುಗರ ಸಾಕರ್ ಗೇಮ್. ರೆಫರಿ ನನ್ನ ಮಗಳು, ವಯಸ್ಸು 14. ಅವಳಿಗೆ ಅದು ಮೂರನೇ ಗೇಮ್. ಹಳದಿ ಅಂಗಿ ಒಂದು ಸೈಜ್ ದೊಡ್ಡದು, ತೋಳು ಮೊಣಕೈ ದಾಟಿ ಇಳಿದಿತ್ತು.

ಒಂದು ಕಡೆಯ ಗೋಲ್‌ಕೀಪರ್ ಚೆಂಡು ಹಿಡಿದ, ಕೈಯಿಂದ ಬಿಟ್ಟ, ನೆಲಕ್ಕೆ ಬೀಳುವ ಮೊದಲೇ ಎತ್ತಿ ಒದ್ದ. ಚೆಂಡು ಅರ್ಧ ಮೈದಾನ ದಾಟಿತು. ಅಪ್ಪ ಅಮ್ಮಂದಿರಿಂದ ಚಪ್ಪಾಳೆ. ಅಷ್ಟರಲ್ಲಿ ಮಗಳು ಸೀಟಿ ಊದಿ ಒಂದು ಕೈ ಮೇಲೆತ್ತಿದಳು. ಎದುರು ತಂಡಕ್ಕೆ ಇನ್‌ಡೈರೆಕ್ಟ್ ಫ್ರೀ ಕಿಕ್, ಅಂದರೆ ಒದ್ದವರೇ ನೇರ ಗೋಲು ಹೊಡೆಯಲಾಗದ ಒದೆತ. ಈ ವಯಸ್ಸಿನ 7 ಜನರ ಆಟದಲ್ಲಿ ಗೋಲ್‌ಕೀಪರ್ ಹಾಗೆ ಒದೆಯುವಂತಿಲ್ಲ. ಮಕ್ಕಳು ಹಿಂದಿನಿಂದ ಪಾಸ್ ಕೊಟ್ಟು ಆಟ ಕಟ್ಟುವುದನ್ನು ಕಲಿಯಲಿ ಅಂತ ಇಲ್ಲಿನ ಸಾಕರ್ ಫೆಡರೇಷನ್ ತಂದ ನಿಯಮ ಅದು. ಅವಳು ಕೊಟ್ಟ ತೀರ್ಪು ಸರಿ. ಆದರೂ ಸೈಡ್‌ಲೈನಿನಲ್ಲಿ ಕೂಗಾಟ ಶುರುವಾಯಿತು. ಆ ಗದ್ದಲದ ನಡುವೆ, ನನ್ನ ಪಕ್ಕದ ಮಡಚುವ ಕುರ್ಚಿಯಿಂದ ಅಪ್ಪಟ ಮೈಸೂರು ಕಡೆಯ ಕನ್ನಡ ಕೇಳಿಸಿತು: “ಅಲ್ಲ ಕಣೆ, ಈ ಮಗೂನ ಇಲ್ಲಿಗೆ ಕಳ್ಸಿದ್ದು ಯಾರು ಅಂತ?”

ನಾನು ಸುಮ್ನೆ ಕಾಫಿ ಕಪ್ಪಿನೊಳಗೆ ನೋಡುತ್ತಾ ಕೂತೆ. ಮನೆಗೆ ಬಂದ ಮೇಲೂ ಆ ಮಾತು ತಲೆಯಲ್ಲಿ ಉಳಿಯಿತು. ಸಿಟ್ಟಿನಲ್ಲಿ ಕೇಳಿದ್ದು ನಿಜ, ಆದರೆ ಕೇಳಬೇಕಾದ ಪ್ರಶ್ನೆಯೇ ಅದು. ಈ ದೇಶದಲ್ಲಿ ವಾರಕ್ಕೆ ಸಾವಿರಾರು ಮೈದಾನಗಳಲ್ಲಿ ಮಕ್ಕಳ ಗೇಮ್ ನಡೆಯುತ್ತದೆ. ಪ್ರತಿಯೊಂದಕ್ಕೂ ರೆಫರಿ ಎಲ್ಲಿಂದಲೋ ಬಂದು ನಿಂತಿರುತ್ತಾರೆ. ಅವರನ್ನು ಕಳಿಸಿದ್ದು ಯಾರು, ಯಾವ ಲೆಕ್ಕದಲ್ಲಿ ಅಂತ ನಾವು ಪೋಷಕರು ಕೇಳುವುದೇ ಇಲ್ಲ.

ಕಳಿಸುವವರಿಗೆ ಇಲ್ಲಿ ಅಸೈನರ್ ಅಂತಾರೆ. ಸಾಮಾನ್ಯವಾಗಿ ಅವರೂ ಹಳೆಯ ರೆಫರಿಗಳೇ. ಅದಕ್ಕೂ ಒಂದು ತರಬೇತಿ, ಫೆಡರೇಷನ್ನಿನಲ್ಲಿ ಒಂದು ನೋಂದಣಿ ಇದೆ. ಊರಿನ ಕ್ಲಬ್ಬೋ ಲೀಗೋ ಅವರನ್ನು ಗೊತ್ತುಮಾಡಿಕೊಳ್ಳುತ್ತದೆ, ಹೆಚ್ಚಾಗಿ ಗೇಮಿಗೆ ಇಷ್ಟು ಅಂತ ಕೊಡುತ್ತದೆ. ಹಗಲು ಬೇರೆ ಕೆಲಸ, ರಾತ್ರಿ ಲ್ಯಾಪ್‌ಟಾಪ್ ಮುಂದೆ ಈ ಕೆಲಸ. ಗೇಮ್ ಚೆನ್ನಾಗಿ ನಡೆದರೆ ಅಸೈನರ್ ಅನ್ನುವವರು ಇದ್ದಾರೆ ಅಂತಲೇ ಯಾರಿಗೂ ಗೊತ್ತಾಗುವುದಿಲ್ಲ. ರೆಫರಿ ಬರದಿದ್ದರೆ ಮಾತ್ರ ಎಲ್ಲರ ಬಾಯಲ್ಲೂ ಅವರ ಹೆಸರು.

ಅವರ ಕಷ್ಟ ಅರ್ಥವಾಗಬೇಕಾದರೆ ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಊರಿನ ಕ್ಲಬ್ಬಿಗೆ 4 ಮೈದಾನ. ಒಂದೊಂದರಲ್ಲಿ ದಿನಕ್ಕೆ 6 ಗೇಮ್. ಒಟ್ಟು 24. ಅದರಲ್ಲಿ ಅರ್ಧ ಚಿಕ್ಕ ಮಕ್ಕಳದ್ದು, ಒಬ್ಬ ರೆಫರಿ ಸಾಕು. ಉಳಿದ 12 ಗೇಮ್ 13 ವರ್ಷ ಮತ್ತು ಅದಕ್ಕಿಂತ ದೊಡ್ಡವರ 11 ಜನರ ಆಟ. ಅಲ್ಲಿ ನಡುವೆ ಒಬ್ಬರು, ಎರಡು ಬದಿಗೆ ಬಾವುಟ ಹಿಡಿದವರು ಇಬ್ಬರು ಬೇಕು. ಅಂದರೆ 12 ಮತ್ತು 36, ಒಟ್ಟು 48 ಜಾಗ ತುಂಬಬೇಕು. ಒಬ್ಬರು ದಿನಕ್ಕೆ 3 ಗೇಮ್ ಮಾಡಿದರೂ 16 ಜನ ಬೇಕು. ಇದು ಒಂದೇ ಊರಿನ ಒಂದೇ ಶನಿವಾರದ ಮಾತು. ಪಕ್ಕದ ಊರಿಗೂ ಅದೇ ಹೊತ್ತಿಗೆ ಅಷ್ಟೇ ಜನ ಬೇಕು. ಆ ಊರಿನ ಅಸೈನರ್ ಕೈಹಾಕುವುದೂ ಇದೇ ಬುಟ್ಟಿಗೆ.

ಈಗ ಆ ಬುಟ್ಟಿಯಲ್ಲಿ ಯಾರಿದ್ದಾರೆ ನೋಡಿ. ಫೆಡರೇಷನ್ 2019ರಲ್ಲಿ ಹಳೆಯ ನಂಬರ್ ಗ್ರೇಡುಗಳನ್ನು ತೆಗೆದುಹಾಕಿತು. ಈಗ ಕೆಳಗಿನ ಮೆಟ್ಟಿಲಿಗೆ ಗ್ರಾಸ್‌ರೂಟ್ಸ್, ಅದರ ಮೇಲೆ ರೀಜನಲ್, ನ್ಯಾಷನಲ್, ಕೊನೆಗೆ ಫಿಫಾ. 13 ತುಂಬಿದ ಯಾರೇ ಆದರೂ ಆನ್‌ಲೈನ್ ಪಾಠ ಮುಗಿಸಿ, ಮೈದಾನದಲ್ಲಿ ಒಂದು ತರಬೇತಿಗೆ ಹೋಗಿ ಬಂದರೆ ಗ್ರಾಸ್‌ರೂಟ್ಸ್ ಬ್ಯಾಡ್ಜ್ ಸಿಗುತ್ತದೆ. ಕೆಲವು ರಾಜ್ಯಗಳಲ್ಲಿ ವಯಸ್ಸಿನ ಮಿತಿ ಇನ್ನೂ ಸ್ವಲ್ಪ ಜಾಸ್ತಿ. ಬ್ಯಾಡ್ಜ್ ಡಿಸೆಂಬರ್ 31ರ ತನಕ ಮಾತ್ರ, ಪ್ರತಿ ವರ್ಷ ಹೊಸದು. ಹಾಗಾಗಿ ಪಟ್ಟಿಯಲ್ಲಿ ಹೈಸ್ಕೂಲ್ ಮಕ್ಕಳ ಹೆಸರು ದಂಡಿಯಾಗಿರುತ್ತದೆ. ಪಟ್ಟಿ ಉದ್ದವಾಗಿ ಕಾಣುತ್ತದೆ, ಆದರೆ ಅದರಲ್ಲಿ ಅಂಡರ್-17 ಹುಡುಗರ ಗೇಮಿನ ನಡುವೆ ನಿಂತು ಸಂಭಾಳಿಸಬಲ್ಲವರು ಬೆರಳೆಣಿಕೆ. ಆಡುವವರಿಗಿಂತ ನಡುವೆ ನಿಲ್ಲುವ ರೆಫರಿ ಒಂದೆರಡು ವರ್ಷವಾದರೂ ದೊಡ್ಡವರಿರಬೇಕು ಅನ್ನುವುದು ಬಹಳ ಕಡೆ ಪಾಲಿಸುವ ರೂಢಿ. ಅದನ್ನು ಹಾಕಿ ಸೋಸಿದರೆ ಪಟ್ಟಿ ಇನ್ನೂ ಕುಗ್ಗುತ್ತದೆ.

ಕೆಲಸ ನಡೆಯುವುದು ಸಾಫ್ಟ್‌ವೇರ್‌ನಲ್ಲಿ. ಆರ್ಬಿಟರ್, ಗಾಟ್‌ಸ್ಪೋರ್ಟ್, ರೆಫ್‌ಟೌನ್, ಹೀಗೆ ಲೀಗಿಗೊಂದು. ಮಗಳ ಫೋನಿನಲ್ಲಿ ಎರಡು ಇವೆ. ರೆಫರಿ ತನಗೆ ಯಾವ ದಿನ, ಯಾವ ಹೊತ್ತು ಆಗುತ್ತದೆ ಅಂತ ಮೊದಲೇ ಗುರುತು ಹಾಕಬೇಕು. ಎಷ್ಟು ದೂರ ಹೋಗಬಲ್ಲೆ, ಯಾವ ಕ್ಲಬ್ಬಿನಲ್ಲಿ ತಮ್ಮನೋ ತಂಗಿಯೋ ಆಡುತ್ತಾರೆ, ಆ ಗೇಮ್ ಬೇಡ, ಇದನ್ನೆಲ್ಲ ತುಂಬಬೇಕು. ಅಸೈನರ್ ತೆರೆಯ ಮೇಲೆ ಒಂದು ಕಡೆ ಗೇಮುಗಳು, ಇನ್ನೊಂದು ಕಡೆ ಆಗುತ್ತದೆ ಅಂದವರ ಹೆಸರು. ಅವರು ಸಾಮಾನ್ಯವಾಗಿ ಕಷ್ಟದ ಗೇಮಿನಿಂದ ಶುರು ಮಾಡುತ್ತಾರೆ. ಹೋದ ವರ್ಷ ಜಗಳವಾದ ಎರಡು ತಂಡ, ಬಾಯಿ ಜೋರಿರುವ ಕೋಚ್, ಲೀಗಿನ ಮೊದಲೆರಡು ಸ್ಥಾನದವರ ಪೈಪೋಟಿ. ಇದ್ದ ಅನುಭವಿಗಳೆಲ್ಲ ಅಲ್ಲಿಗೆ ಹೋಗುತ್ತಾರೆ. ಆಮೇಲೆ ಕೆಳಗಿಳಿಯುತ್ತಾ ಬಂದು, ಅಂಡರ್-9, ಅಂಡರ್-10 ಹೊತ್ತಿಗೆ ಉಳಿದವರು ಯಾರೋ ಅವರು.

ಕೆಲವು ಕ್ಲಬ್ಬುಗಳಲ್ಲಿ ಕೆಳಗಿನ ಗೇಮುಗಳಿಗೆ ಅಸೈನರ್ ಹೆಸರು ಹಾಕುವುದೇ ಇಲ್ಲ. ವಾರದ ಮಧ್ಯೆ ಒಂದು ದಿನ, ಇಂಥ ಹೊತ್ತಿಗೆ ಅಂತ ಪಟ್ಟಿ ತೆರೆದಿಡುತ್ತಾರೆ. ಬೇಕಾದ್ದನ್ನು ರೆಫರಿಗಳೇ ಆರಿಸಿಕೊಳ್ಳಬೇಕು. ನಮ್ಮ ಕ್ಲಬ್ಬಿನಲ್ಲಿ ಅದು ಬುಧವಾರ ರಾತ್ರಿ 8ಕ್ಕೆ. ತತ್ಕಾಲ್ ಟಿಕೆಟ್ ನೆನಪಿದೆಯಲ್ವಾ? ಥೇಟ್ ಅದೇ. 8 ಗಂಟೆ 2 ನಿಮಿಷಕ್ಕೆ ಮನೆ ಹತ್ತಿರದ, 10 ಗಂಟೆಯ, ಒಂದರ ಹಿಂದೆ ಒಂದು ಬರುವ ಗೇಮುಗಳೆಲ್ಲ ಖಾಲಿ. ಎರಡು ಮೂರು ವರ್ಷ ಮಾಡಿದ ಹುಡುಗರಿಗೆ ಯಾವ ಕೋಚ್ ಸಂಭಾವಿತ, ಯಾವ ಊರಿನ ಪೋಷಕರು ಕೂಗುತ್ತಾರೆ ಅಂತ ಬಾಯಿಪಾಠ. ಹೊಸಬರಿಗೆ ಅದು ಗೊತ್ತಿಲ್ಲ. ಅವರಿಗೆ ಉಳಿಯುವುದು ಬೆಳಗ್ಗೆ 8ರ ಗೇಮು, ದೂರದ ಮೈದಾನ, ಎಲ್ಲರೂ ಬೇಡ ಅಂತ ಬಿಟ್ಟ ಕೋಚ್. ಯಾರೂ ಬೇಕಂತ ಮಾಡಿದ್ದಲ್ಲ. ಆದರೆ ಪರಿಣಾಮ ಏನು? ಊರಿನ ಅತಿ ಗಲಾಟೆಯ ಸೈಡ್‌ಲೈನಿಗೆ ಊರಿನ ಅತಿ ಎಳೆಯ ರೆಫರಿ. ಮಗಳು ಅವತ್ತು ಅಲ್ಲಿ ನಿಂತದ್ದು ಹೀಗೆ. ಅವಳನ್ನು ಯಾರೂ ಕಳಿಸಿರಲಿಲ್ಲ. ಉಳಿದದ್ದನ್ನು ಅವಳು ಒತ್ತಿದ್ದಳು, ಅಷ್ಟೇ.

ಆರಿಸಿಕೊಂಡ ಗೇಮನ್ನು ವಾಪಸ್ ಕೊಡುವ ಅವಕಾಶವೂ ಇದೆ. ಶುಕ್ರವಾರ ರಾತ್ರಿ ಜ್ವರ, ಸೋಮವಾರ ಗಣಿತದ ಪರೀಕ್ಷೆ, ಗೆಳತಿಯ ಹುಟ್ಟುಹಬ್ಬ. ಒಂದು ಬಟನ್ ಒತ್ತಿದರೆ ಗೇಮ್ ಮತ್ತೆ ಅಸೈನರ್ ತಲೆ ಮೇಲೆ. ವಯಸ್ಕರದ್ದೂ ಇದೇ ಕಥೆ, ಮಕ್ಕಳನ್ನಷ್ಟೇ ಬೈಯುವಂತಿಲ್ಲ. ಅಸೈನರ್ ಬೈದು ಕಳಿಸೋಣ ಅಂದರೆ ಅದೂ ಆಗದು, ಯಾಕಂದರೆ ಇಲ್ಲಿ ರೆಫರಿಗಳನ್ನು ಸಾಮಾನ್ಯವಾಗಿ ನೌಕರರು ಅಂತ ನೋಡುವುದಿಲ್ಲ, ಸ್ವತಂತ್ರವಾಗಿ ಕೆಲಸ ಒಪ್ಪಿಕೊಳ್ಳುವವರು ಅಂತ ನೋಡುತ್ತಾರೆ. ಪೆನ್ಸಿಲ್ವೇನಿಯಾದ ಶಾಲಾ ಲಕ್ರಾಸ್ ಆಟದ ರೆಫರಿಗಳ ಒಂದು ಕೇಸಿನಲ್ಲಿ 2019ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ಕೋರ್ಟು ಹೇಳಿದ್ದೂ ಅದನ್ನೇ. ಅಸೈನರ್ ಹುಕುಂ ಮಾಡುವಂತಿಲ್ಲ. ಕೇಳಿಕೊಳ್ಳಬಹುದು, ಬೇಡಿಕೊಳ್ಳಬಹುದು. ಶುಕ್ರವಾರ ರಾತ್ರಿ 11ಕ್ಕೆ ಬರುವ ಇಮೇಲುಗಳ ಧಾಟಿ ಬೇಡಿಕೊಳ್ಳುವುದೇ.

ಮಳೆ ಬಂದರಂತೂ ಮುಗಿಯಿತು. ಊರಿನವರು ಮೈದಾನಕ್ಕೆ ಬೀಗ ಹಾಕುತ್ತಾರೆ, ನಾಲ್ಕು ದಿನ ಕೂತು ಹೊಂದಿಸಿದ್ದು ನೀರಿನಲ್ಲಿ ಹೋಮ. ಗೇಮುಗಳು ಎರಡು ವಾರ ಮುಂದಕ್ಕೆ, ಆಗಲೇ ತುಂಬಿದ ಇನ್ನೊಂದು ಶನಿವಾರದ ಮೇಲೆ ಬಂದು ಕೂರುತ್ತವೆ.

ಹಾಗಾದರೆ ಅನುಭವಿಗಳೆಲ್ಲ ಎಲ್ಲಿಗೆ ಹೋಗುತ್ತಾರೆ? ಮೇಲಕ್ಕೆ. ಮಕ್ಕಳ ಸಾಕರ್ ಇಲ್ಲಿ ಒಂದೇ ಲೀಗ್ ಅಲ್ಲ, ಒಂದರ ಮೇಲೊಂದು ಅಟ್ಟ. ತಳದಲ್ಲಿ ಊರಿನ ಲೀಗು, ಅದರ ಮೇಲೆ ಬೇರೆ ಊರುಗಳಿಗೆ ಹೋಗಿ ಆಡುವ ಟ್ರಾವೆಲ್ ತಂಡಗಳು, ಇನ್ನೂ ಮೇಲೆ ಇಸಿಎನ್‌ಎಲ್, 2020ರಲ್ಲಿ ಶುರುವಾದ ಎಂಎಲ್‌ಎಸ್ ನೆಕ್ಸ್ಟ್ ಇಂಥ ದೇಶಮಟ್ಟದ ಲೀಗುಗಳು. ಮೇಲಿನವರು ಜಾಸ್ತಿ ಕೊಡುತ್ತಾರೆ, ಒಳ್ಳೆ ಮೈದಾನ, ಚುರುಕಿನ ಆಟ. ರೀಜನಲ್ ಬ್ಯಾಡ್ಜಿಗೆ ಏರಬೇಕು ಅಂತಿರುವವರಿಗೆ ದೊಡ್ಡ ವಯಸ್ಸಿನ, ಕಷ್ಟದ ಗೇಮುಗಳ ಅನುಭವ ಬೇಕೇ ಬೇಕು. ಅದು ಸಿಗುವುದು ಅಲ್ಲಿ. ಹಾಗಾಗಿ 25 ವರ್ಷದ ಚುರುಕು ರೆಫರಿಯೊಬ್ಬರು ಊರಿನ ಅಂಡರ್-10 ಗೇಮಿಗೆ ಯಾಕಾದರೂ ಬರುತ್ತಾರೆ? ಮೆಮೋರಿಯಲ್ ಡೇ, ಕೊಲಂಬಸ್ ಡೇ ರಜೆಯ ವಾರಾಂತ್ಯಗಳಲ್ಲಿ ದೊಡ್ಡ ಟೂರ್ನಮೆಂಟುಗಳು ಬೇರೆ. ಅಲ್ಲಿ ಒಂದೇ ಜಾಗದಲ್ಲಿ ದಿನಕ್ಕೆ ನಾಲ್ಕೈದು ಗೇಮ್ ಸಿಗುತ್ತದೆ.

ನ್ಯೂಜೆರ್ಸಿಯ ಮಟ್ಟಿಗೆ ಒಂದು ತಮಾಷೆ ಇದೆ. 2026ರ ವಿಶ್ವಕಪ್ ಫೈನಲ್‌ಗೆ ಫಿಫಾ ಆರಿಸಿದ್ದು ನಮ್ಮ ಮೆಟ್‌ಲೈಫ್ ಕ್ರೀಡಾಂಗಣವನ್ನು. ವಿಶ್ವಕಪ್ಪಿಗೆ ರೆಫರಿಗಳನ್ನು ವರ್ಷಗಟ್ಟಲೆ ಗಮನಿಸಿ, ಸೋಸಿ, ತಯಾರು ಮಾಡುತ್ತಾರೆ. ಅಲ್ಲಿಂದ ಮುಕ್ಕಾಲು ಗಂಟೆ ಕಾರು ಓಡಿಸಿದರೆ ಸಿಗುವ ನಮ್ಮ ಪಾರ್ಕಿಗೆ ರೆಫರಿ ಸಿಗುವುದು ಹಿಂದಿನ ರಾತ್ರಿಯ ಇಮೇಲಿನಿಂದ. ಫಿಫಾ ಬ್ಯಾಡ್ಜಿನ ದಾರಿ ಶುರುವಾಗುವುದೂ ಇಂಥ ಪಾರ್ಕಿನಿಂದಲೇ ಅನ್ನುವುದು ಬೇರೆ ಮಾತು.

ಎಳೆಯರನ್ನು ಕಳಿಸುವುದರಲ್ಲಿ ಇನ್ನೊಂದು ತೊಡಕು ಇದೆ, ಅದನ್ನು ನಾನು ಮಗಳು ರೆಫರಿ ಆಗುವ ತನಕ ಯೋಚಿಸಿಯೇ ಇರಲಿಲ್ಲ. ಅವಳಿಗೆ ಕಾರು ಓಡಿಸಲು ಬರುವುದಿಲ್ಲ. ನ್ಯೂಜೆರ್ಸಿಯಲ್ಲಿ ಒಬ್ಬರೇ ಕಾರು ಓಡಿಸಬೇಕಾದರೆ 17 ಆಗಬೇಕು. ಅಂದರೆ ಅಸೈನರ್ ಅವಳಿಗೆ ಒಂದು ಗೇಮ್ ಕೊಟ್ಟರೆ ನನಗೋ ಅವಳಮ್ಮನಿಗೋ ಒಂದು ಟ್ರಿಪ್ ಕೊಟ್ಟ ಹಾಗೆ. ಆ ಸಾಫ್ಟ್‌ವೇರ್‌ನಲ್ಲಿ ಅವಳಿಗೆ ಆಗುವ ಹೊತ್ತು ಅಂತ ಇರುವುದು ನಿಜಕ್ಕೂ ನನಗೆ ಆಗುವ ಹೊತ್ತು. ಅದೇ ಗೇಮಿಗೆ ಬರುವ ದೊಡ್ಡ ರೆಫರಿಯೊಬ್ಬರು ದಾರಿಯಲ್ಲಿ ಕರಕೊಂಡು ಹೋಗಬಹುದಲ್ವಾ? ಅಷ್ಟು ಸುಲಭ ಇಲ್ಲ. ಮಕ್ಕಳ ಮೇಲಿನ ದೌರ್ಜನ್ಯ ತಡೆಯಲು 2018ರಲ್ಲಿ ಬಂದ ಕಾನೂನು, ಅದನ್ನು ನೋಡಿಕೊಳ್ಳುವ ಸೇಫ್‌ಸ್ಪೋರ್ಟ್ ಕೇಂದ್ರದ ನಿಯಮಗಳು ಇವೆ. ಪೋಷಕರ ಲಿಖಿತ ಒಪ್ಪಿಗೆ ಇಲ್ಲದೆ ವಯಸ್ಕರು ಬೇರೆಯವರ ಮಗುವನ್ನು ಒಂಟಿಯಾಗಿ ಕಾರಿನಲ್ಲಿ ಕೂರಿಸಿಕೊಳ್ಳುವಂತಿಲ್ಲ. ಅಸೈನರ್ ನೇರವಾಗಿ ಅವಳೊಬ್ಬಳಿಗೇ ಮೆಸೇಜ್ ಹಾಕುವಂತೆಯೂ ಇಲ್ಲ, ಮನೆಯವರನ್ನೂ ಸೇರಿಸಬೇಕು. ಈ ನಿಯಮಗಳು ಬೇಕು, ಅದರಲ್ಲಿ ಎರಡು ಮಾತಿಲ್ಲ. ಅದರ ಜೊತೆಗೇ, ಅಪ್ಪ ಅಮ್ಮ ಇಬ್ಬರೂ ಶನಿವಾರ ಕೆಲಸಕ್ಕೆ ಹೋಗುವ ಮನೆಯ ಮಕ್ಕಳು ಈ ಕೆಲಸಕ್ಕೆ ಬರುವುದು ಕಷ್ಟವಾಗಿದೆ ಅನ್ನುವುದೂ ನಿಜ.

ಇನ್ನು ಕೂಗಾಟದ ವಿಷಯ. ಅಮೆರಿಕದ ಕ್ರೀಡಾ ಅಧಿಕಾರಿಗಳ ರಾಷ್ಟ್ರೀಯ ಸಂಘ 2017ರಲ್ಲಿ ಎಲ್ಲ ಆಟಗಳ 17,000ಕ್ಕೂ ಹೆಚ್ಚು ರೆಫರಿ, ಅಂಪೈರ್‌ಗಳನ್ನು ಮಾತಾಡಿಸಿತ್ತು. ಆಟದ ಸಭ್ಯತೆ ಕೆಡಿಸುವವರು ಯಾರು ಅಂತ ಕೇಳಿದರೆ ಪೋಷಕರ ಹೆಸರೇ ಮೊದಲು ಬಂತು, ಕೋಚುಗಳದ್ದು ಆಮೇಲೆ. 2018-19ರ ನಂತರದ ಮೂರೇ ವರ್ಷದಲ್ಲಿ ಸುಮಾರು 50,000 ಜನ ಹೈಸ್ಕೂಲ್ ಆಟಗಳ ರೆಫರಿಗಿರಿ ಬಿಟ್ಟರು ಅಂತ ಹೈಸ್ಕೂಲ್ ಕ್ರೀಡೆಗಳ ರಾಷ್ಟ್ರೀಯ ಒಕ್ಕೂಟ ಹೇಳಿತು. ಅದರಲ್ಲಿ ಕೋವಿಡ್‌ನ ಪಾಲೂ ಇದೆ, ಎಲ್ಲವನ್ನೂ ಕೂಗಾಟದ ತಲೆಗೆ ಕಟ್ಟುವುದು ತಪ್ಪು. ಆದರೆ ಕೂಗಾಟ ಬರೀ ಕೂಗಾಟವಾಗಿ ಉಳಿಯದ ಉದಾಹರಣೆಯೂ ಇದೆ. 2013ರಲ್ಲಿ ಯೂಟಾದಲ್ಲಿ ಹಳದಿ ಕಾರ್ಡ್ ಬರೆಯುತ್ತಿದ್ದ ರೆಫರಿಯ ತಲೆಗೆ 17 ವರ್ಷದ ಆಟಗಾರ ಗುದ್ದಿದ. ವಾರದ ನಂತರ ಆ ರೆಫರಿ ತೀರಿಕೊಂಡರು.

ಸಾಕರ್ ಫೆಡರೇಷನ್ ತನ್ನ ರೆಫರಿ ರಕ್ಷಣೆಯ ನಿಯಮಗಳನ್ನು ಬಿಗಿ ಮಾಡಿತು. 2025ರ ಮಾರ್ಚ್ 1ರಿಂದ ಜಾರಿಯಲ್ಲಿರುವ ನೀತಿಯಲ್ಲಿ ಬಾಯಿ ಮಾತಿನ ನಿಂದನೆಗೆ ಗೇಮುಗಳ ನಿಷೇಧದಿಂದ ಹಿಡಿದು ಕೈ ಮಾಡಿದರೆ ಆಜೀವ ನಿಷೇಧದ ತನಕ ಶಿಕ್ಷೆ ಇದೆ. ಕೆಲವು ಕಡೆ 18 ದಾಟದ ರೆಫರಿಗಳ ತೋಳಿಗೆ ಬೇರೆ ಬಣ್ಣದ ಪಟ್ಟಿ ಕಟ್ಟಿಸುತ್ತಾರೆ, ಇದು ಮಗು, ನೋಡಿಕೊಂಡು ಮಾತಾಡಿ ಅಂತ. ಒಳ್ಳೆಯದೇ. ಆದರೆ ಶಿಕ್ಷೆ ಆಗಬೇಕಾದರೆ ಗೇಮಾದ ಮೇಲೆ 14ರ ಹುಡುಗಿ ಕೂತು ವರದಿ ಬರೆಯಬೇಕು. ಅವಳ ಹೋಮ್‌ವರ್ಕೇ ಮುಗಿದಿರುವುದಿಲ್ಲ. ಹೆಚ್ಚಿನ ಮಕ್ಕಳು ವರದಿ ಬರೆಯುವುದಿಲ್ಲ. ಮುಂದಿನ ಸೀಸನ್‌ನಲ್ಲಿ ತಮಗೆ ಆಗುವ ಹೊತ್ತು ಅನ್ನುವ ಜಾಗವನ್ನು ಖಾಲಿ ಬಿಡುತ್ತಾರೆ. ಸದ್ದಿಲ್ಲದೆ ಪಟ್ಟಿಯಿಂದ ಒಂದು ಹೆಸರು ಹೋಗುತ್ತದೆ.

ದುಡ್ಡು ಜಾಸ್ತಿ ಕೊಟ್ಟರೆ ಸರಿಹೋಗುತ್ತದೆ ಅನ್ನುವವರಿದ್ದಾರೆ. ಮಗಳಿಗೆ ಅವತ್ತು 40 ಡಾಲರ್ ಸಿಕ್ಕಿತು. ಒಂದು ಗಂಟೆಯ ಕೆಲಸಕ್ಕೆ ಅವಳ ವಯಸ್ಸಿನ ಮಕ್ಕಳಿಗೆ ಬೇರೆಲ್ಲೂ ಅಷ್ಟು ಸಿಗುವುದಿಲ್ಲ. (ವರ್ಷಕ್ಕೆ ಖರ್ಚು ಕಳೆದು 400 ಡಾಲರ್ ದಾಟಿದರೆ ಮಗುವಾದರೂ ಟ್ಯಾಕ್ಸ್ ರಿಟರ್ನ್ ಹಾಕಬೇಕು. ನಮ್ಮವರಲ್ಲಿ ಎಷ್ಟೋ ಮನೆಗಳಿಗೆ ಇದು ಗೊತ್ತಿಲ್ಲ.) ಅವಳು ಬಿಡುವ ಯೋಚನೆ ಮಾಡಿದ್ದು ದುಡ್ಡಿಗಾಗಿ ಅಲ್ಲ. ಅಷ್ಟು ದೊಡ್ಡ ಮೈದಾನದಲ್ಲಿ ತನ್ನ ಪರ ಯಾರೂ ಇಲ್ಲ ಅಂತ ಅನಿಸಿದ್ದಕ್ಕೆ.

ಬೇರೆ ದಾರಿಯೂ ಇದೆ. ನಮ್ಮ ಬೀದಿ ಕ್ರಿಕೆಟ್ಟಿನಲ್ಲಿ ಬ್ಯಾಟಿಂಗ್ ಟೀಮಿನವನೇ ಅಂಪೈರ್ ಆಗುತ್ತಿದ್ದ, ಎಲ್‌ಬಿಡಬ್ಲ್ಯು ಅನ್ನುವುದೇ ಇರಲಿಲ್ಲ. 1964ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಎವೈಎಸ್‌ಒ ಅನ್ನುವ ಮಕ್ಕಳ ಸಾಕರ್ ಸಂಸ್ಥೆ ಹೆಚ್ಚುಕಡಿಮೆ ಇದೇ ಧೈರ್ಯದ ಮೇಲೆ ನಿಂತಿದೆ. ಅಲ್ಲಿ ಪೋಷಕರೇ ತರಬೇತಿ ಪಡೆದು ಪುಕ್ಕಟೆ ರೆಫರಿ ಆಗುತ್ತಾರೆ. ಎಷ್ಟೋ ಊರುಗಳಲ್ಲಿ ತಂಡ ತನ್ನ ಪಾಲಿನ ರೆಫರಿಗಳನ್ನು ಕೊಟ್ಟರೆ ಮಾತ್ರ ಪಾಯಿಂಟು ಪೂರ್ತಿ. ಸ್ವಂತ ಊರಿನವರೇ ರೆಫರಿ ಅಂದರೆ ಪಕ್ಷಪಾತದ ಅನುಮಾನ ಬರುತ್ತದೆ, ನಿಜ. ಆದರೆ ಒಂದು ದಿನ ಸೀಟಿ ಹಿಡಿದ ಅಪ್ಪ ಮುಂದಿನ ವಾರ ಕುರ್ಚಿಯಲ್ಲಿ ಕೂತಾಗ ಕೂಗುವುದು ಕಡಿಮೆ. ನಾನೇ ಒಮ್ಮೆ ಲೈನ್ಸ್‌ಮನ್ ಬರದ ಗೇಮಿನಲ್ಲಿ ಬಾವುಟ ಹಿಡಿದು ನಿಂತಿದ್ದೆ. ಹಾಗೆ ಕರೆತಂದ ಪೋಷಕರು ಚೆಂಡು ಗೆರೆ ದಾಟಿದ್ದನ್ನು ಮಾತ್ರ ತೋರಿಸಬಹುದು, ಆಫ್‌ಸೈಡ್ ಹೇಳುವಂತಿಲ್ಲ. ಆ ಒಂದೇ ಕೆಲಸದಲ್ಲೂ ಎರಡು ಸಲ ಎಡವಟ್ಟು ಮಾಡಿದೆ. ಚೆಂಡು ನೋಡಬೇಕೋ ಗೆರೆ ನೋಡಬೇಕೋ ಗೊತ್ತಾಗಲಿಲ್ಲ.

ನನ್ನನ್ನು ಕೇಳಿದರೆ ಅಸೈನಿಂಗ್‌ನಲ್ಲಿ ಮಾಡಬೇಕಾದ ಬದಲಾವಣೆ ತೀರಾ ಚಿಕ್ಕದು. ಹೊಸ ರೆಫರಿಯ ಮೊದಲ ಹತ್ತು ಗೇಮುಗಳನ್ನು ಆ ಬುಧವಾರದ ನೂಕುನುಗ್ಗಲಿಗೆ ಬಿಡಬಾರದು. ಅವನ್ನು ಅಸೈನರ್ ಕೈಯಾರೆ ಹಾಕಬೇಕು. ಸಂಭಾವಿತ ಕೋಚ್ ಇರುವ ಗೇಮು, ಅಕ್ಕಪಕ್ಕದ ಎರಡು ಮೈದಾನದಲ್ಲಿ ಇಬ್ಬರು ಹೊಸಬರು, ನಡುವೆ ಒಬ್ಬರು ಹಳಬರು, ಕೈಯಲ್ಲಿ ಸೀಟಿ ಇಲ್ಲದೆ. ಆ ಹಳಬರಿಗೂ ಒಂದು ಗೇಮಿನ ದುಡ್ಡು ಕೊಡಬೇಕು. ಇಲ್ಲೇ ಕ್ಲಬ್ಬುಗಳು ಕೈ ಹಿಂದೆ ತೆಗೆಯುತ್ತವೆ, ಯಾಕಂದರೆ ಗೇಮ್ ನಡೆಸದವರಿಗೆ ದುಡ್ಡು ಯಾಕೆ ಅನ್ನುವ ಲೆಕ್ಕ. ಅಸೈನರ್‌ಗೂ ತುಂಬಿದ ಗೇಮಿಗೆ ದುಡ್ಡೇ ಹೊರತು ಉಳಿಸಿಕೊಂಡ ರೆಫರಿಗೆ ದುಡ್ಡಿಲ್ಲ. ಪ್ರತಿ ವರ್ಷ ಹೊಸಬರಿಗೆ ಕೋರ್ಸ್ ನಡೆಸುತ್ತೇವೆ, ಹೋದವರ ಜಾಗಕ್ಕೆ ಇನ್ನಷ್ಟು ಎಳೆಯರನ್ನು ತರುತ್ತೇವೆ. ತೂತು ಕೊಡಕ್ಕೆ ನೀರು ಹೊತ್ತ ಹಾಗೆ.

ನಮ್ಮ ಅಸೈನರ್ ಇದನ್ನು ಅರ್ಧ ಮಾಡಿದರು. ಅವತ್ತಿನ ಗೇಮಾದ ಮೇಲೆ ನಾನು ಬರೆದ ಇಮೇಲಿಗೆ ಎರಡೇ ಸಾಲಿನ ಉತ್ತರ ಬಂತು. ಮುಂದಿನ ಶನಿವಾರ 10 ಗಂಟೆಗೆ ಅಂಡರ್-14 ಹುಡುಗಿಯರ ಗೇಮು, ನಡುವೆ ಇರುವವರು 20 ವರ್ಷ ರೆಫರಿ ಆಗಿರುವವರು, ನಿಮ್ಮ ಮಗಳು ಬಾವುಟ ಹಿಡಿಯಲಿ, ಆಗಬಹುದಾ ಅಂತ. ಆ ಗೇಮಿನ ಅರ್ಧದಲ್ಲಿ ಒಬ್ಬ ಕೋಚ್ ಅವಳ ಕಡೆ ತಿರುಗಿ ಕೂಗಲು ಶುರು ಮಾಡಿದ. ನಡುವಿನಿಂದ ಆ ರೆಫರಿ ನಿಧಾನವಾಗಿ ನಡೆದು ಬಂದರು, ಓಡಲಿಲ್ಲ. ಕೋಚ್ ಹತ್ತಿರ ನಿಂತು ಏನೋ ಹೇಳಿದರು. ನಮಗೆ ಕೇಳಿಸಲಿಲ್ಲ. ಕೋಚ್ ಹೋಗಿ ಬೆಂಚಿನ ಮೇಲೆ ಕೂತ. ಮಗಳು ಗೆರೆಯ ಮೇಲೆ ನಿಂತು ಅದನ್ನೇ ನೋಡುತ್ತಿದ್ದಳು. ಕೋರ್ಸಿನಲ್ಲಿ ಕಲಿಯದ ಪಾಠ ಅದು.

ಮೊನ್ನೆ ಬುಧವಾರ ರಾತ್ರಿ ಊಟದ ಹೊತ್ತಿಗೆ ಅವಳ ಫೋನು ಮೇಜಿನ ಮೇಲಿತ್ತು. 7:58. ಅನ್ನ ಕಲಸುತ್ತಾ ಒಂದು ಕಣ್ಣು ಅದರ ಮೇಲೆ. ಪಟ್ಟಿ ತೆರೆದುಕೊಂಡಿತು. ಅವಳು ಎಡಗೈ ಹೆಬ್ಬೆರಳಲ್ಲಿ ಸರಿಸುತ್ತಾ ಹೋಗಿ ಒಂದು ಕಡೆ ನಿಲ್ಲಿಸಿದಳು. ಅದೇ ಪಾರ್ಕು, ಬೆಳಗ್ಗೆ 8:30, ಅಂಡರ್-10.

“ಅಪ್ಪಾ, ಶನಿವಾರ ಬೆಳಗ್ಗೆ ನೀನು ಫ್ರೀನಾ?”